ಕಾಸರಗೋಡಿನ ಕಡಲಗಾಳಿಯನ್ನು ಯೂನಿಟ್ಟಿಗೆ ಇಳಿಸುವ ಲೆಕ್ಕ

ಕಡಲಗಾಳಿಯ ಕರೆಂಟಿನ ಮಾತೆತ್ತಿದರೆ ಮೊದಲು ಬರುವ ಅಂಕಿ 70 ಗಿಗಾವಾಟ್. ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ಅಷ್ಟು ಸಾಮರ್ಥ್ಯ ಕೂರಿಸಬಹುದೆಂದು ಸರಕಾರದ ಅಂದಾಜು. ಇದನ್ನು ಯೂನಿಟ್ಟಿಗೆ ತಿರುಗಿಸೋಣ. ವರ್ಷಕ್ಕೆ 8,760 ಗಂಟೆ, ಸರಾಸರಿ ಉತ್ಪಾದನೆ ಸಾಮರ್ಥ್ಯದ ನೂರಕ್ಕೆ 38 ಎಂದು ಹಿಡಿದರೆ ಸುಮಾರು 23,300 ಕೋಟಿ ಯೂನಿಟ್. ದೇಶದಲ್ಲಿ 2023-24ರಲ್ಲಿ ಉತ್ಪಾದನೆಯಾದದ್ದು 1,70,000 ಕೋಟಿ ಯೂನಿಟ್ಟಿಗೂ ಹೆಚ್ಚು. ಅಂದರೆ ಎಲ್ಲ ಕಟ್ಟಿ ಮುಗಿಸಿದರೂ ಏಳೆಂಟರಲ್ಲಿ ಒಂದು ಪಾಲು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿದ್ದು ಮೊದಲ 1 ಗಿಗಾವಾಟಿಗೆ ಮಾತ್ರ.

ಜಾಗದ ಲೆಕ್ಕವೂ ಬೇಕು. 15 ಮೆಗಾವಾಟಿನ ಯಂತ್ರದ ರೆಕ್ಕೆಚಕ್ರದ ವ್ಯಾಸ 236 ಮೀಟರ್. ಯಂತ್ರದಿಂದ ಯಂತ್ರಕ್ಕೆ ವ್ಯಾಸದ ಏಳರಷ್ಟು ಅಂತರ ಬಿಟ್ಟರೆ ಒಂದಕ್ಕೆ ಸುಮಾರು 2.7 ಚದರ ಕಿ.ಮೀ. ಹೋಗುತ್ತದೆ. 70 ಗಿಗಾವಾಟಿಗೆ ಆರು ಕಾಸರಗೋಡು ಜಿಲ್ಲೆಗಿಂತಲೂ ದೊಡ್ಡ ಕಡಲು ಬೇಕು.

ನಮ್ಮ ಕಾಸರಗೋಡಿನ ಕಡಲಿಗೆ ಈ ಲೆಕ್ಕ ಹಾಕುವಾಗ ನಾನು ಅನುಸರಿಸಿದ ಕ್ರಮ ಇದು. ಯುರೋಪಿನ ಕೋಪರ್ನಿಕಸ್ ಸೇವೆ ಉಚಿತವಾಗಿ ಕೊಡುವ ಇಆರ್‌ಎ-5 ಎಂಬ, ಹಿಂದಿನ ವರ್ಷಗಳ ಹವಾಮಾನವನ್ನು ಮರುಲೆಕ್ಕ ಹಾಕಿದ ದತ್ತಾಂಶದಿಂದ 100 ಮೀಟರ್ ಎತ್ತರದ ಗಾಳಿಯನ್ನು ಗಂಟೆಗಂಟೆಗೆ ಇಳಿಸಿಕೊಂಡೆ, ಕಡಿಮೆಯೆಂದರೆ ಹತ್ತು ವರ್ಷದ್ದು. ಇದರ ಚೌಕಳಿ ಕಾಲು ಡಿಗ್ರಿ, ಇಲ್ಲಿ ಸುಮಾರು 27 ಕಿ.ಮೀ. ಮೊದಲ ತಪ್ಪು ಆಗುವುದು ಇಲ್ಲೇ. ಉತ್ತರ ಅಕ್ಷಾಂಶ 12.5, ಪೂರ್ವ ರೇಖಾಂಶ 75.0ರ ಬಿಂದು ಬೀಳುವುದು ಕಾಸರಗೋಡು ಪೇಟೆಯ ಬದಿಗೇ. ತೆಂಗು, ಮನೆ, ಗುಡ್ಡ ಎಲ್ಲ ತಡೆದು ಉಳಿದ ಗಾಳಿ ಅದು. 74.75 ಅಥವಾ 74.5ರ ಬಿಂದುವನ್ನೇ ತೆಗೆದುಕೊಳ್ಳಬೇಕು. ನೆಲದ ಬಿಂದು, ಕಡಲ ಬಿಂದು ಎರಡರ ಸರಾಸರಿ ಮಾಡಿದರೆ ನೆಲದ ತಡೆ ಕಡಲಿನ ಲೆಕ್ಕಕ್ಕೂ ಹೊಕ್ಕುತ್ತದೆ.

ಎರಡನೆಯ ತಪ್ಪು ಇನ್ನೂ ಸಾಮಾನ್ಯ. ದತ್ತಾಂಶ ಬರುವುದು ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಎಂಬ ಎರಡು ಭಾಗಗಳಾಗಿ. ಮೊದಲು ಪ್ರತಿ ಗಂಟೆಯ ವೇಗ ಕಂಡುಹಿಡಿದು ಆಮೇಲೆ ಸರಾಸರಿ ಮಾಡಬೇಕು. ಬೇಸಗೆಯಲ್ಲಿ ಹಗಲು ಹನ್ನೆರಡು ಗಂಟೆ ಪಡುಗಾಳಿ ಸೆಕೆಂಡಿಗೆ 6 ಮೀಟರ್, ರಾತ್ರಿ ಹನ್ನೆರಡು ಗಂಟೆ ಮೂಡುಗಾಳಿ 4 ಮೀಟರ್ ಎಂದಿಟ್ಟುಕೊಳ್ಳಿ. ಭಾಗಗಳನ್ನೇ ನೇರ ಸರಾಸರಿ ಮಾಡಿದರೆ ಒಂದನ್ನೊಂದು ಕಳೆದು ಉಳಿಯುವುದು 1 ಮೀಟರ್. ನಿಜವಾದ ಸರಾಸರಿ 5.

ಮಂಗಳೂರು ವಿಮಾನ ನಿಲ್ದಾಣದ ಗಾಳಿಮಾಪಕದಿಂದ ಕಡಲ ಗಾಳಿ ಲೆಕ್ಕ ಹಾಕಿದವರನ್ನೂ ಕಂಡಿದ್ದೇನೆ. ಬಜಪೆ ಇರುವುದು ಮುರಕಲ್ಲಿನ ಗುಡ್ಡದ ತುದಿಯಲ್ಲಿ, ಮೇಲಾಗಿ ಅಳತೆ 10 ಮೀಟರ್ ಎತ್ತರದ್ದು. ಅಲ್ಲಿಂದ 150 ಮೀಟರಿಗೆ ಏರಿಸಲು ಎತ್ತರಗಳ ಅನುಪಾತಕ್ಕೆ (15) ನೆಲದ ಮೇಲೆ ಬಳಸುವ ಘಾತ 0.143 ಹಾಕಿದರೆ ವೇಗ 1.47 ಪಟ್ಟು ಆಗುತ್ತದೆ. ಕಡಲಿಗೆ ಹೊಂದುವ 0.11 ಹಾಕಿದರೆ 1.35 ಪಟ್ಟು. ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಗುಣ, ಹಾಗಾಗಿ ಅಂದಾಜು ನೂರಕ್ಕೆ 30ರಷ್ಟು ಉಬ್ಬುತ್ತದೆ. ಅದೇ 15 ಮೆಗಾವಾಟಿನ ಯಂತ್ರ 8 ಮೀಟರ್ ಗಾಳಿಯಲ್ಲಿ ಸುಮಾರು 5.8 ಮೆಗಾವಾಟ್ ಕೊಟ್ಟರೆ 7 ಮೀಟರಿನಲ್ಲಿ ಕೊಡುವುದು 3.9 ಮಾತ್ರ. ತಮಿಳುನಾಡಿನ ಮನ್ನಾರ್ ಕೊಲ್ಲಿಯ ಕಡೆ ಎಲ್ಲರ ಕಣ್ಣು ಇರುವುದು ಇದಕ್ಕೇ; ನಮ್ಮ ಕಡಲಿನ ಗಾಳಿ ಅಷ್ಟು ಬಲದ್ದಲ್ಲ.

ಯಂತ್ರ ತಯಾರಕರು ಕೊಡುವ ಉತ್ಪಾದನಾ ರೇಖೆ (ಯಾವ ವೇಗಕ್ಕೆ ಎಷ್ಟು ಕರೆಂಟು ಎಂಬುದು) ಘನ ಮೀಟರಿಗೆ 1.225 ಕಿಲೋ ತೂಗುವ ಗಾಳಿಯದ್ದು. 30 ಡಿಗ್ರಿ ಸೆಕೆಯಲ್ಲಿ ಇಲ್ಲಿನ ಗಾಳಿ 1.16 ಕಿಲೋ. ಪೂರ್ಣ ಸಾಮರ್ಥ್ಯ ಮುಟ್ಟುವ ವೇಗದವರೆಗೆ ನೂರಕ್ಕೆ 5ರಷ್ಟು ಅಲ್ಲೇ ಕಡಿಯಬೇಕು. ಮುಂದಿನ ಯಂತ್ರದ ನೆರಳಿಗೆ ಸಿಕ್ಕಿ ಹಿಂದಿನದು ಕಳೆದುಕೊಳ್ಳುವುದು ಸುಮಾರು 10, ಕೇಬಲ್ ಮತ್ತು ಟ್ರಾನ್ಸ್‌ಫಾರ್ಮರಿನಲ್ಲಿ 3.

ಇನ್ನು ಯಂತ್ರ ಕೆಟ್ಟು ನಿಂತ ಹೊತ್ತು. ಯುರೋಪಿನ ವರದಿ ನೋಡಿ ವರ್ಷವಿಡೀ ಒಂದೇ ಅಂಕಿ ಹಾಕುವುದು ರೂಢಿ. ನಮ್ಮ ಕಡಲಿಗೆ ಅದು ಒಗ್ಗುವುದಿಲ್ಲ. ಅಲೆ ಒಂದೂವರೆ ಮೀಟರ್ ದಾಟಿದರೆ ಸಿಬ್ಬಂದಿಯ ದೋಣಿ ಕಂಬದ ಏಣಿಗೆ ಮೂತಿ ಒತ್ತಿ ನಿಲ್ಲಲಾರದು. ದೋಣಿ ಏರಿಳಿಯುವಾಗ ಏಣಿಗೆ ಕಾಲಿಡುವವನ ಕಾಲು ನಡುವೆ ಸಿಕ್ಕಿಕೊಳ್ಳುತ್ತದೆ. ಪತ್ತನಾಜೆ (ಮೇ ಕೊನೆ) ಕಳೆದು ಮಳೆ ಹಿಡಿದರೆ ಆಟಿ (ಆಗಸ್ಟ್ ನಡು) ಮುಗಿಯುವವರೆಗೆ ಅಂಥ ಶಾಂತ ದಿನ ಸಿಗುವುದೇ ಅಪರೂಪ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲಿಂಗ್ ನಿಷೇಧ ಇರುವುದೂ ಇದೇ ಹೊತ್ತಿಗೆ. ಇಲ್ಲಿ ಗಾಳಿ ಅತಿ ಹೆಚ್ಚು ಬೀಸುವುದೂ ಆಗಲೇ. ಜೂನ್ ಮೊದಲ ವಾರ ಒಂದು ಸೆನ್ಸರ್ ಕೆಟ್ಟು ಯಂತ್ರ ನಿಂತರೆ ಒಳ್ಳೆಯ ಗಾಳಿಯ ತಿಂಗಳೆಲ್ಲ ಅದು ಸುಮ್ಮನೆ ನಿಂತಿರುತ್ತದೆ. ಹಾಗಾಗಿ ನಾನು ಜೂನ್‌ನಿಂದ ಆಗಸ್ಟ್‌ವರೆಗೆ ಚಾಲನೆಯಲ್ಲಿರುವ ಪ್ರಮಾಣ ನೂರಕ್ಕೆ 85, ಉಳಿದ ತಿಂಗಳಿಗೆ 96 ಎಂದು ಬೇರೆ ಬೇರೆ ಹಾಕುತ್ತೇನೆ. ಎಣ್ಣೆ, ಫಿಲ್ಟರ್, ಬೋಲ್ಟ್ ಬಿಗಿತದ ಕೆಲಸ ಏಪ್ರಿಲ್ ಒಳಗೆ ಮುಗಿಯಲೇಬೇಕು.

ಕೇಬಲಿನ ಬಗ್ಗೆ ಒಂದೇ ಮಾತು. ಯಂತ್ರಗಳ ನಡುವೆ 66 ಕೆವಿ, ದಡಕ್ಕೆ 220 ಕೆವಿ. 220 ಕೆವಿಯ ಕಡಲ ಕೇಬಲ್ ಕಿ.ಮೀ.ಗೆ ಸುಮಾರು 3 ಮೆಗಾವಾರ್ ರಿಯಾಕ್ಟಿವ್ ಪವರ್ (ಕೆಲಸಕ್ಕೆ ಬಾರದೆ ವೋಲ್ಟೇಜ್ ಏರಿಸುವ ವಿದ್ಯುತ್; ಅದರ ಅಳತೆ ಮೆಗಾವಾರ್) ಹುಟ್ಟಿಸುತ್ತದೆ. 40 ಕಿ.ಮೀ.ಗೆ 120. ದಡದ ಸಬ್‌ಸ್ಟೇಷನ್ನಿನಲ್ಲಿ ಅದನ್ನು ಹೀರುವ ರಿಯಾಕ್ಟರ್ ಹಾಕದಿದ್ದರೆ ಗಾಳಿಯಿಲ್ಲದ ರಾತ್ರಿ ವೋಲ್ಟೇಜ್ ಮಿತಿ ಮೀರುತ್ತದೆ.

ಇಷ್ಟಾದ ಮೇಲೆ ಗಂಟೆಗೊಂದರಂತೆ ವರ್ಷದ 8,760 ಸಾಲುಗಳನ್ನು ಬೇಡಿಕೆಯ ಪಕ್ಕ ಇಡುವುದು. ದತ್ತಾಂಶದ ಗಡಿಯಾರ ಗ್ರೀನಿಚ್‌ನದ್ದು, ಐದೂವರೆ ಗಂಟೆ ಕೂಡಿಸಬೇಕು. ನಮ್ಮ ಸಂಜೆ ಆರೂವರೆಯಿಂದ ಹತ್ತೂವರೆ ಅಲ್ಲಿ 13ರಿಂದ 17. ಕೇರಳಕ್ಕೆ ಕರೆಂಟು ಅತಿ ಹೆಚ್ಚು ಬೇಕಾಗುವುದು ಏಪ್ರಿಲ್, ಮೇ ಮೊದಲ ವಾರದ ರಾತ್ರಿಗಳಲ್ಲಿ. ಪಡುಗಾಳಿ ಹೊತ್ತು ಮುಳುಗಿದ ಮೇಲೆ ಇಳಿಯುತ್ತದೆ, ಯಂತ್ರ ಆಗ ಹೆಚ್ಚೇನೂ ಕೊಡದು. ನೇರ ಪ್ರಯೋಜನ ಕಡಿಮೆಯೇ.

ಸುತ್ತುಬಳಸಿ ಒಂದು ದಾರಿ ಇದೆ. ಮಳೆಗಾಲದ ಗಾಳಿ ಕರೆಂಟು ಬಂದಷ್ಟೂ 780 ಮೆಗಾವಾಟಿನ ಇಡುಕ್ಕಿ ಜಲವಿದ್ಯುತ್ ಯೋಜನೆಯ ನೀರನ್ನು ಹರಿಸದೆ ಏಪ್ರಿಲ್‌ಗೆ ಇಟ್ಟುಕೊಳ್ಳಬಹುದು. ನನ್ನ ಲೆಕ್ಕದಲ್ಲಿ ನಮ್ಮ ಕಡಲಿನ ಗಾಳಿಗೆ ಬೆಲೆ ಬರುವುದು ಹೀಗೆ ಮಾತ್ರ. ಆದರೆ ಅಣೆಕಟ್ಟು ಬೇಗ ತುಂಬಿದ ವರ್ಷಗಳನ್ನು ಬೇರೆ ತೆಗೆದಿಟ್ಟು ನೋಡಬೇಕು. 2018ರ ಆಗಸ್ಟ್ 9ರಂದು ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟಿನ ಬಾಗಿಲು ತೆರೆಯಬೇಕಾಗಿ ಬಂತು. ಅಂಥ ವರ್ಷ ಉಳಿಸಿದ ನೀರಿಗೆ ನಿಲ್ಲಲು ಜಾಗವೇ ಇರುವುದಿಲ್ಲ.