ಆನೆ ಬೇಟೆಯ ರೈಫಲ್ ಎಷ್ಟು ಜೋರಾಗಿ ಒದೆಯುತ್ತದೆ? ಪೆನ್ನು ಹಿಡಿದು ಲೆಕ್ಕ ಹಾಕಿ

ರಾಯಚೂರಿನಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಸಂವೇಗದ ಪಾಠ ಬಂದಾಗ ಬೋರ್ಡ್ ಮೇಲೆ .600 ನೈಟ್ರೋ ಎಕ್ಸ್‌ಪ್ರೆಸ್ ಎಂದು ಬರೆಯುತ್ತೇನೆ. ಆನೆಯಂಥ ಪ್ರಾಣಿಗಳ ಬೇಟೆಗೆಂದು ಬ್ರಿಟಿಷರು ಮಾಡಿದ ತೋಟಾ ಅದು. ನಳಿಗೆಯ ಬಾಯಿ 15 ಮಿಲಿಮೀಟರ್‌ಗಿಂತ ಜಾಸ್ತಿ. "ಅದನ್ನ ಹೆಗಲಿಗಿಟ್ಟು ಹೊಡಿಯೋಕ ಬರ್ತದೇನ್ರಿ ಸರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬರುತ್ತದೆ. ಹೇಗೆ ಅಂತ ಲೆಕ್ಕವೇ ಹೇಳುತ್ತದೆ.

ಮೊದಲು ಗುಂಡಿನ ತೂಕ. ಅದನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಒಂದು ಗ್ರೇನ್ ಅಂದರೆ 0.0648 ಗ್ರಾಂ. ಈ ಗುಂಡು 900 ಗ್ರೇನ್, ಅಂದರೆ 58.3 ಗ್ರಾಂ. ವೇಗ ಸೆಕೆಂಡಿಗೆ 1950 ಅಡಿ, ಸುಮಾರು 594 ಮೀಟರ್. ತೂಕವನ್ನು ಕಿಲೋಗ್ರಾಂಗೆ ತಂದು ವೇಗದಿಂದ ಗುಣಿಸಿ, ಅದೇ ಸಂವೇಗ: 34.6.

ಇಲ್ಲಿಗೆ ನಿಲ್ಲಿಸಬೇಡಿ. ಸುಟ್ಟ ಮದ್ದು ಅನಿಲವಾಗಿ ನಳಿಗೆಯಿಂದ ಹೊರಗೆ ನುಗ್ಗುತ್ತದಲ್ವಾ, ಅದೂ ರೈಫಲನ್ನು ಹಿಂದಕ್ಕೆ ತಳ್ಳುತ್ತದೆ. ಮದ್ದು ಸುಮಾರು 7 ಗ್ರಾಂ. ಅನಿಲದ ವೇಗವನ್ನು ಅಂದಾಜು 1200 ಮೀಟರ್ ಹಿಡಿಯಿರಿ. ಇದರಿಂದ 8.4ರಷ್ಟು ಸೇರುತ್ತದೆ. ಒಟ್ಟು 43.

ಮುಂದಕ್ಕೆ ಹೋದಷ್ಟೇ ಸಂವೇಗ ರೈಫಲ್‌ಗೆ ಹಿಂದಕ್ಕೆ ಸಿಗುತ್ತದೆ, ಹಾಗಾಗಿ ಈಗ ಅದನ್ನು ರೈಫಲ್‌ನ ತೂಕದಿಂದ ಭಾಗಿಸಿ. ಇಂಥ ಜೋಡಿ ನಳಿಗೆಯ ರೈಫಲ್ 16 ಪೌಂಡ್, ಅಂದರೆ 7.3 ಕಿಲೋ ತೂಗುತ್ತದೆ. ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ 5.9 ಮೀಟರ್. ಶಕ್ತಿ ಬೇಕಾದರೆ ವೇಗದ ವರ್ಗವನ್ನು ತೂಕದ ಅರ್ಧದಿಂದ ಗುಣಿಸಿ: ಸುಮಾರು 127 ಜೂಲ್. ಜಿಂಕೆ ಬೇಟೆಗೆ ಬಳಸುವ .30-06 ರೈಫಲ್‌ಗೆ ಇದೇ ಲೆಕ್ಕ ಹಾಕಿದರೆ 27 ಜೂಲ್ ಆಸುಪಾಸು ಬರುತ್ತದೆ.

ಮಕ್ಕಳಿಗೆ ನಾನು ಪ್ರತಿ ಸಲ ಕೊಡುವ ಕೆಲಸ ಇದು: ರೈಫಲ್‌ನ ತೂಕವನ್ನು 3.6 ಕಿಲೋಗೆ ಇಳಿಸಿ, ಮತ್ತೆ ಲೆಕ್ಕ ಹಾಕಿ. ಸಂವೇಗ ಅಷ್ಟೇ ಇರುತ್ತದೆ, ಒದೆತದ ಶಕ್ತಿ ಮಾತ್ರ ದುಪ್ಪಟ್ಟಾಗುತ್ತದೆ. ಭಾರವಾದ ನಳಿಗೆ, ದಪ್ಪ ಉಕ್ಕು ಸುಮ್ನೆ ಹಾಕಿದ್ದಲ್ಲ. ಆ ತೂಕವೇ ಬೇಟೆಗಾರನ ಹೆಗಲನ್ನು ಕಾಯುತ್ತದೆ. ಹೆಗಲಿಗೆ ಒತ್ತುವ ಮರದ ತುದಿಯನ್ನು ಅಗಲ ಮಾಡಿ ರಬ್ಬರ್ ಹಾಕಿದರೆ ಶಕ್ತಿ ಏನೂ ಕಡಿಮೆಯಾಗಲ್ಲ. ತಳ್ಳುವ ಹೊತ್ತು ಸ್ವಲ್ಪ ಹಿಗ್ಗುತ್ತದೆ, ಪೆಟ್ಟು ಹೆಚ್ಚು ಜಾಗಕ್ಕೆ ಹರಡುತ್ತದೆ. ಇಬ್ಬರೂ ಅದನ್ನೇ "ಕಡಿಮೆ ಒದೆತ" ಅಂತಾರೆ, ಕೊಳ್ಳುವವರೂ ಮಾರುವವರೂ. ಲೆಕ್ಕದಲ್ಲಿ ಒದೆತದ ಶಕ್ತಿ, ಹೆಗಲಿಗೆ ತಟ್ಟುವ ಪೆಟ್ಟು ಎರಡನ್ನೂ ಬೇರೆಬೇರೆಯಾಗಿಯೇ ಇಡಿ.

ತೋಟಾ ಯಾಕೆ ಅಷ್ಟು ಉದ್ದ, ಅಷ್ಟು ದಪ್ಪ? ಉತ್ತರ ನಮ್ಮ ಬಿಸಿಲಿನಲ್ಲೂ ಇದೆ. ಆಗಿನ ಮದ್ದು ಕಾರ್ಡೈಟ್. ಅದು ಬಿಸಿಯಾದಷ್ಟೂ ಹಾರಿಸಿದಾಗ ತೋಟಾದೊಳಗಿನ ಒತ್ತಡ ಏರುತ್ತದೆ. ಲಂಡನ್ನಿನ ಚಳಿಯಲ್ಲಿ ಸರಿಯಿದ್ದ ತೋಟಾ ರಾಯಚೂರಿನ ಮೇ ತಿಂಗಳಲ್ಲಿ ಬೇರೆಯೇ ಆಗಿಬಿಡುತ್ತದೆ. ಜೋಡಿ ನಳಿಗೆ ಮಡಚುವ ಕೀಲಿನ ಮೇಲೆ ನಿಂತಿರುತ್ತದೆ, ಹೆಚ್ಚು ಒತ್ತಡ ಆ ಕೀಲನ್ನು ಸಡಿಲಿಸುತ್ತದೆ. ಹಾಗಾಗಿ ದೊಡ್ಡ ತೋಟಾ ಮಾಡಿ, ಒಳಗೆ ಜಾಗ ಕೊಟ್ಟು, ಒತ್ತಡವನ್ನು ಕೆಳಗೇ ಇಟ್ಟರು. ಬಿಸಿ ದೇಶಗಳಿಗೆಂದು ಮದ್ದು ಕಡಿಮೆ ಹಾಕಿದ ತೋಟಾಗಳನ್ನೂ ಮಾರುತ್ತಿದ್ದರು. ನನ್ನ ಪ್ರಕಾರ ಇಡೀ ವಿನ್ಯಾಸದಲ್ಲಿ ಜಾಣತನದ ಭಾಗ ಇದೇ.

ಹಳೆಯ ಬಂದೂಕಿಗೆ "4 ಬೋರ್" ಎಂದಿದ್ದರೆ ನಳಿಗೆಯ ಅಳತೆಯ ಲೆಕ್ಕ ಬೇರೆ. ನಳಿಗೆಗೆ ಸರಿಹೊಂದುವ ನಾಲ್ಕು ಸೀಸದ ಉಂಡೆ ಸೇರಿದರೆ ಒಂದು ಪೌಂಡ್ ಎಂದರ್ಥ. ಒಂದು ಉಂಡೆ 113 ಗ್ರಾಂ. ಸೀಸದ ಸಾಂದ್ರತೆ ಘನ ಸೆಂಟಿಮೀಟರ್‌ಗೆ 11.34 ಗ್ರಾಂ ಹಿಡಿದು ಗೋಳದ ಸೂತ್ರ ಹಾಕಿ, ವ್ಯಾಸ 26.7 ಮಿಲಿಮೀಟರ್ ಬರಬೇಕು. ಬರದಿದ್ದರೆ ಘನಮೂಲ ತೆಗೆದದ್ದನ್ನು ಇನ್ನೊಮ್ಮೆ ನೋಡಿ, ಮಕ್ಕಳು ಎಡವುವುದು ಅಲ್ಲೇ.