ಜಾಮ್ ಆಗಿದ್ದ ಶಕ್ತಿಮಾನ್, ಅಡಿಕೆ ಹಂಡೆ ಮತ್ತು ಒಂದು ಗ್ರೀಸ್ ಗನ್

"ಲೇಲ್ಯಾಂಡ್ ಇಂಜಿನ್ ಕೂರಿಸಿಬಿಡಿ, ಮೂರು ದಿನದ ಕೆಲಸ." ಇಂಜಿನ್ ಜಾಮ್ ಆಗಿದ್ದ ನನ್ನ ಹಳೆಯ ಮಿಲಿಟರಿ ಲಾರಿ ಶಕ್ತಿಮಾನ್‌ಗೆ ಈ ಸಲಹೆಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಕಮ್ಮಿ ಅಂದ್ರೂ ಆರು ಮೇಸ್ತ್ರಿಗಳು ಹೇಳಿದರು. ನಮ್ಮ ಭಾವ ಊಟಕ್ಕೆ ಕೂತಾಗಲೆಲ್ಲ ಹೇಳಿದರು. ಈಗ ಅದೇ ಶಕ್ತಿಮಾನ್ ತನ್ನದೇ ಇಂಜಿನ್ನಿನಲ್ಲಿ ಗೊಬ್ಬರ ಹೊತ್ತು ನಮ್ಮ ತೋಟದ ಏರು ಹತ್ತುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಸಿಕ್ಕಿದ್ದು ಬಾಳೆಹೊನ್ನೂರು ಕಡೆಯ ಒಂದು ಕಾಫಿ ತೋಟದಲ್ಲಿ. ಮಿಲಿಟರಿ ಹರಾಜಿನಿಂದ ಬಂದು, ಕೆಲವು ವರ್ಷ ದಿಮ್ಮಿ ಎಳೆದು, ಕೊನೆಗೆ ಸಿಲ್ವರ್ ಮರದ ಕೆಳಗೆ ಹದಿನಾಲ್ಕೋ ಹದಿನೈದೋ ಮಳೆಗಾಲ ನಿಂತಿತ್ತು. ಕ್ಯಾಬಿನ್ನಿನ ಮೂಲೆಯಲ್ಲಿ ಗೆದ್ದಲು ಮೊಣಕಾಲೆತ್ತರ ಹುತ್ತ ಕಟ್ಟಿತ್ತು. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್‌ನಲ್ಲಿ 1959ರಿಂದ 1996ರ ತನಕ ಜಬಲ್ಪುರದಲ್ಲಿ ತಯಾರಾದ ಗಾಡಿ ಇದು. ನನ್ನದು 1970ರ ದಶಕದ್ದು. ಯಾವ ವರ್ಷ ಅನ್ನುವ ಕೊನೆಯ ಅಂಕಿಯನ್ನು ತುಕ್ಕು ತಿಂದಿದೆ. ಸಾಹುಕಾರರು ಗುಜರಿ ರೇಟಿಗೇ ಕೊಟ್ಟರು. ಒಂದೂವರೆ ಲಕ್ಷದ ಚಿಲ್ಲರೆ ಆಯಿತು. ಕ್ರೇನು, ಸಾಗಾಟ ಅಂತ ಮೇಲೆ ಹದಿನೆಂಟು ಸಾವಿರ.

ಇಂಜಿನ್ ತುಕ್ಕು ಹಿಡಿದು, ತಿರುಗದೆ ಕಲ್ಲಾಗಿತ್ತು. ಸೈಲೆನ್ಸರ್ ಪೈಪು ಉದುರಿ ಎಷ್ಟು ವರ್ಷವಾಗಿತ್ತೋ, ಮಲೆನಾಡಿನ ಮಳೆ ನೇರ ಒಳಗೇ ಹೋಗಿದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನೋಝಲ್ ಬಿಚ್ಚಿ, ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆ. ನಾಲ್ಕು ಸಿಲಿಂಡರ್ ಪರವಾಗಿಲ್ಲ. ಮೂರನೆಯದು ಮತ್ತು ಐದನೆಯದು ಕೆಂಪು ಕೆಂಪು.

ಮೊದಲ ಎರಡು ತಿಂಗಳು ನಾನೂ ಎಲ್ಲರ ಹಾಗೆ ಬಲಪ್ರಯೋಗ ಮಾಡಿದೆ. ಒಳ್ಳೆಯ ಬ್ಯಾಟರಿ ಎರಡು ತಂದು, 24 ವೋಲ್ಟ್ ಕೊಟ್ಟು ಸೆಲ್ಫ್ ಹೊಡೆದೆ. ಒಂದು ಸಲ ಅಲ್ಲ, ನಾಲ್ಕೈದು ಸಲ. ಸೆಲ್ಫ್ ಮೋಟಾರು ಹೊಗೆ ಬಿಟ್ಟು ಸತ್ತಿತು. ವೈಂಡಿಂಗ್‌ಗೆ ಆರೂವರೆ ಸಾವಿರ. ಆಮೇಲೆ ಮುಂದಿನ ಪುಲ್ಲಿ ಬೋಲ್ಟಿಗೆ ನಾಲ್ಕಡಿ ಪೈಪು ಹಾಕಿ, ಕೆಳಗೆ ಜಾಕ್ ಕೊಟ್ಟು ಎತ್ತಿದೆ. ಬೋಲ್ಟು ಕಟ್ಟಾಗಿ ಪೈಪು ನನ್ನ ಗದ್ದಕ್ಕೆ ಬಡಿಯಿತು. ಮೂರು ಹೊಲಿಗೆ. ಮುರಿದ ಬೋಲ್ಟ್ ತೆಗೆಯಲು ಲೇತ್‌ನವರನ್ನು ಮನೆಗೇ ಕರೆಸಬೇಕಾಯಿತು. ಕೊನೆಗೆ ಟಾಪ್ ಗೇರಿನಲ್ಲಿಟ್ಟು ಟ್ರ್ಯಾಕ್ಟರಿನಿಂದ ಎಳೆಸಿದೆ. ಟೈರುಗಳು ತಿರುಗದೆ ನೇಗಿಲಿನ ಹಾಗೆ ಅಂಗಳ ಉತ್ತವು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಕನೆಕ್ಟಿಂಗ್ ರಾಡ್ ಬಗ್ಗದೆ ಉಳಿದಿದ್ದು ನನ್ನ ಪುಣ್ಯ.

ದಾರಿ ತೋರಿಸಿದ್ದು ಸೇನೆಯ ವಾಹನ, ಯಂತ್ರಗಳ ರಿಪೇರಿ ನೋಡಿಕೊಳ್ಳುವ ಇಎಂಇ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದು ರಿಟೈರ್ ಆದ ಒಬ್ಬ ಸುಬೇದಾರ್ರು, ಕೊಡಗಿನವರು. ಫೋನಿನಲ್ಲೇ ಕೇಳಿದರು, "ಎಣ್ಣೆ ಎಷ್ಟು ಹಾಕಿದಿರಿ?" ಸಿಲಿಂಡರಿಗೆ ಒಂದು ಲೋಟ ಅಂದೆ. ನಕ್ಕುಬಿಟ್ಟರು. "ಈ ಇಂಜಿನ್ನಿನ ಪಿಸ್ಟನ್ ತಲೇಲಿ ದುಂಡಗಿನ ಗುಂಡಿ ಇದೆ. ನಿಮ್ಮ ಎಣ್ಣೆ ಆ ಗುಂಡೀಲಿ ಕೂತಿದೆ. ಪಿಸ್ಟನ್ ಸುತ್ತಲಿನ ರಿಂಗಿಗೆ ಒಂದು ತೊಟ್ಟೂ ಹೋಗಿಲ್ಲ."

ಹಾಗಾದರೆ ಬಾಯಿ ತನಕ ತುಂಬೋಣ ಅಂತ ತುಂಬಿದೆ. ಬೆಳಗ್ಗೆ ನೋಡಿದರೆ ಖಾಲಿ. ರಿಂಗಿನಿಂದ ಇಳಿಯಿತು ಅಂತ ಕುಣಿದೆ. ಇಳಿದದ್ದು ತೆರೆದಿದ್ದ ಎಗ್ಸಾಸ್ಟ್ ವಾಲ್ವಿನಿಂದ! ಐದು ಲೀಟರ್ ಎಣ್ಣೆ ಅಂಗಳದ ಪಾಲು. ಆಮೇಲೆ ವಾಲ್ವುಗಳನ್ನು ಒತ್ತಿ ತೆರೆಯುವ ರಾಕರುಗಳನ್ನೆಲ್ಲ ಬಿಚ್ಚಿಟ್ಟೆ. ವಾಲ್ವುಗಳೆಲ್ಲ ಮುಚ್ಚಿಕೊಂಡವು. ಒಂದು ಮಾತ್ರ ಕಚ್ಚಿತ್ತು, ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕೂರಿಸಿದೆ. ಈ ಸಲ ತುಂಬಿದ ಎಣ್ಣೆ ನಿಂತಿತು. ಏನು ಎಣ್ಣೆ ಅಂತ ಎಲ್ಲರೂ ಕೇಳುತ್ತಾರೆ. ಗೇರ್ ಆಯಿಲ್ ಅಲ್ಲ, ಬರೀ ಡೀಸೆಲ್ಲೂ ಅಲ್ಲ. ಮೂರು ಸಾಮಾನಿನ ಮಿಶ್ರಣ. ಎರಡು ನಿಮಗೆ ಗೊತ್ತಿರುವುದೇ. ಮೂರನೆಯದನ್ನು ಹೇಳುವುದಿಲ್ಲ.

ಇಪ್ಪತ್ತು ದಿನವಾದರೂ ಅಲುಗಾಡಲಿಲ್ಲ. ಅದು ಅಡಿಕೆ ಸುಗ್ಗಿ. ಬೇಯಿಸುವ ಹಂಡೆ ಅಂಗಳದಲ್ಲೇ ಉರಿಯುತ್ತಿತ್ತು. ಆಗ ಹೊಳೆಯಿತು. ಪಕ್ಕದ ಒಲೆಗೆ ಇನ್ನೊಂದು ಹಂಡೆ ಏರಿಸಿ, ಥರ್ಮೋಸ್ಟಾಟ್ ತೆಗೆದು, ಅರ್ಧ ಎಚ್‌ಪಿ ಪಂಪಿನಿಂದ ಬಿಸಿನೀರನ್ನು ಇಂಜಿನ್ನಿನ ಒಳಗೆ ಸುತ್ತಿಸಿದೆ. ಸಂಜೆ ಎರಡು ಗಂಟೆ ಬಿಸಿ, ರಾತ್ರಿಯಿಡೀ ತಣ್ಣಗೆ. ಮರುದಿನ ಮತ್ತೆ. ಸಿಲಿಂಡರಿನ ಒಳಗೋಡೆ, ಅಂದರೆ ಲೈನರ್, ಹಿಗ್ಗುತ್ತೆ, ಕುಗ್ಗುತ್ತೆ, ಎಣ್ಣೆ ಸಂದಿ ಹುಡುಕುತ್ತೆ. ಮೊದಲ ದಿನವೇ ಹತ್ತು ಬಕೆಟ್ ಕೆಂಪು ರಾಡಿ ನೀರು ಹೊರಬಂತು. ಬ್ಲಾಕ್ ಕ್ಲೀನಿಂಗ್ ಪುಕ್ಕಟೆ! ಅಡಿಕೆ ಬೇಯಿಸಿದ ಕೆಂಪು ರಸಕ್ಕೆ ನಮ್ಮಲ್ಲಿ ಚೊಗರು ಅನ್ನುತ್ತಾರೆ. "ಲಾರಿಗೂ ಚೊಗರು ಮಾಡ್ತಿದೀಯಾ ಮಾರಾಯ?" ಅಂತ ಭಾವ ಊರೆಲ್ಲ ಹೇಳಿಕೊಂಡು ಬಂದರು.

ಹತ್ತೊಂಬತ್ತು ದಿನ ಹೀಗೆ ನಡೆಯಿತು. ಅಷ್ಟರೊಳಗೆ, ನೋಝಲ್ ಜಾಗದಿಂದಲೇ ಸಿಲಿಂಡರಿಗೆ ಗ್ರೀಸ್ ಒತ್ತಿ ಪಿಸ್ಟನ್ ತಳ್ಳಲು, ಒಂದು ಹಳೆಯ ನೋಝಲ್ ಹೋಲ್ಡರಿಗೆ ಗ್ರೀಸ್ ನಿಪ್ಪಲ್ ಬೆಸುಗೆ ಹಾಕಿಸಿಟ್ಟಿದ್ದೆ. ಮೂರನೆಯ ಪಿಸ್ಟನ್ ಅರ್ಧ ದಾರಿಯಲ್ಲಿ ನಿಂತಿತ್ತು, ಕೆಳಗೆ ತಳ್ಳಲು ಒಳ್ಳೆಯ ಜಾಗ. ತೀರಾ ಮೇಲೆ ಇದ್ದರೆ ತಳ್ಳಿ ಪ್ರಯೋಜನವಿಲ್ಲ, ಎಷ್ಟು ಒತ್ತಿದರೂ ಕ್ರ್ಯಾಂಕ್ ತಿರುಗುವುದಿಲ್ಲ. ಗಾಳಿ ಉಳಿಯದ ಹಾಗೆ ಸಿಲಿಂಡರ್ ತುಂಬಿ, ಇಂಜಿನ್ ಬಿಸಿ ಇರುವಾಗಲೇ ಗ್ರೀಸ್ ಗನ್ ಒತ್ತುತ್ತಾ ಹೋದೆ. ನಿಪ್ಪಲ್ ಹತ್ತಿರ ಸೋರದಂತೆ ಮಾಡಲು ವಾಷರಿನಲ್ಲಿ ಒಂದು ಉಪಾಯವಿದೆ, ಅದೂ ಸದ್ಯ ನನ್ನ ಹತ್ತಿರವೇ ಇರಲಿ. ಕೈ ಮರಗಟ್ಟಿತ್ತು. ಬಿಡೋಣ ಅನ್ನುವಾಗ ಟಕ್ ಅಂತ ಒಂದು ಸದ್ದು. ಫ್ಯಾನಿನ ರೆಕ್ಕೆ ಒಂದು ಬೆರಳಷ್ಟು ಸರಿದಿತ್ತು. ಫ್ಯಾನಿಗೆ ಸೀಮೆಸುಣ್ಣದ ಗುರುತು ಹಾಕಿಟ್ಟಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ನಾನೇ ನಂಬುತ್ತಿರಲಿಲ್ಲ.

ಐದನೆಯದೂ ಅದರ ಜೊತೆಗೇ ಬಿಟ್ಟಿತು. ಹಿಂದೆ ಮುಂದೆ, ಹಿಂದೆ ಮುಂದೆ, ಎರಡು ದಿನ ಫ್ಲೈವೀಲ್ ಹಲ್ಲಿಗೆ ಸಬ್ಬಲ್ ಕೊಟ್ಟು ಆಡಿಸಿ ಪೂರ್ತಿ ಸುತ್ತು ತಿರುಗಿಸಿದೆ. ಒಳಗಿನ ಗ್ರೀಸ್ ತೆಗೆಯುವುದು ಬೇರೆಯೇ ಗೋಳು. ಮತ್ತೆ ಹಂಡೆ ನೀರು ಬಿಟ್ಟು, ಮೆತ್ತಗಾದದ್ದನ್ನು ದನಕ್ಕೆ ಔಷಧಿ ಕೊಡುವ ದೊಡ್ಡ ಸಿರಿಂಜಿನಲ್ಲಿ ಹೀರಿದೆ. ಇಂಜಿನ್ ತಳದ ಸಂಪಿನಲ್ಲಿರುವ ಎಣ್ಣೆ ಎರಡು ಸಲ ಬದಲಿಸಿದೆ.

ಡೀಸೆಲ್ ಪಂಪಿನ ಮೇಲೆ ಮೈಕೋ (ಈಗಿನ ಬಾಷ್) ಕಂಪನಿಯ ಮುದ್ರೆ ಇತ್ತು. ಒಳಗೆ ಡೀಸೆಲ್ ಅಳತೆ ಹೊಂದಿಸುವ ರ‍್ಯಾಕ್ ಜಾಮ್. ಒಬ್ಬರು ಬೇರೆ ಪಂಪ್ ತಗೊಳ್ಳಿ, ಅರವತ್ತು ಸಾವಿರ ಅಂದರು. ಇನ್ನೊಬ್ಬರು ಅದನ್ನೇ ಬಿಚ್ಚಿ, ನಾಲ್ಕು ಎಲಿಮೆಂಟ್ ಬದಲಿಸಿ, ಬೆಂಚಿನ ಮೇಲೆ ಸೆಟ್ ಮಾಡಿ ಇಪ್ಪತ್ತಾರಕ್ಕೆ ಕೊಟ್ಟರು. ಗ್ಯಾಸ್ಕೆಟ್ ಸೆಟ್, ಸೀಲುಗಳನ್ನು ಜಬಲ್ಪುರದಿಂದ ತರಿಸಿದೆ. ಮೊದಲ ಪಾರ್ಸಲ್ಲಿನಲ್ಲಿ ಬೇರೆ ಗಾಡಿಯ ಸೀಲು ಬಂತು. ಏಳು ಸಾವಿರ ಹೋಯಿತು, ವಾಪಸ್ ಬರಲಿಲ್ಲ. ಈಗ ಹಳೆಯದರ ಅಳತೆಯನ್ನು ಮೊದಲೇ ಫೋಟೋ ತೆಗೆದು ಕಳಿಸುತ್ತೇನೆ.

ಈ ನಡುವೆ ಒಂದು ಪ್ರಯೋಗ. ಬ್ರೇಕಿನ ಸಣ್ಣ ಸಾಮಾನುಗಳ ತುಕ್ಕು ಬಿಡಿಸಲು ಜೋನಿಬೆಲ್ಲ ಬಳಸಿದೆ. ನೀಲಿ ಡ್ರಮ್ಮಿನಲ್ಲಿ ಒಂಬತ್ತು ಪಾಲು ನೀರಿಗೆ ಒಂದು ಪಾಲು, ಮೂರು ವಾರ. ತುಕ್ಕು ಹೇಗೆ ಬಿಟ್ಟಿತೆಂದರೆ ಕಬ್ಬಿಣ ಬೂದು ಬಣ್ಣಕ್ಕೆ ತಿರುಗಿತು. ವಾಸನೆ ಮಾತ್ರ ಬೇಡ. ಇರುವೆ, ನೊಣ, ಒಂದು ದಿನ ಪಕ್ಕದ ಮನೆಯ ದನ. ಅಲ್ಯೂಮಿನಿಯಂ ಸಾಮಾನು ಹಾಕಬೇಡಿ. ನಾನು ಒಂದು ಕವರ್ ಹಾಳು ಮಾಡಿಕೊಂಡೆ.

ಸ್ಟಾರ್ಟ್ ಮಾಡಿದ ದಿನ ಭಾವನ ಕೈಗೆ ಒಂದು ಪ್ಲೈವುಡ್ ತುಂಡು ಕೊಟ್ಟು ಗಾಳಿ ಎಳೆಯುವ ಬಾಯಿಯ ಹತ್ತಿರ ನಿಲ್ಲಿಸಿದೆ. "ಇದೆಲ್ಲ ನಾಟಕ ಯಾಕೆ?" ಅಂದರು. ಮೂರನೆಯ ಸಲಕ್ಕೆ ಹತ್ತಿತು. ಹತ್ತಿದ್ದೇ ತಡ, ಒಳಗೆ ಉಳಿದಿದ್ದ ಎಣ್ಣೆಯನ್ನೆಲ್ಲ ಕುಡಿದು ತನ್ನಷ್ಟಕ್ಕೆ ಕಿರುಚುತ್ತಾ ಏರತೊಡಗಿತು. ಸ್ಟಾಪ್ ಎಳೆದರೂ ಕೇಳಲಿಲ್ಲ. ಅಂಗಳವೆಲ್ಲ ಬಿಳಿ ಹೊಗೆ. "ಭಾವಾ, ಮುಚ್ಚಿ! ಮುಚ್ಚಿ!" ಅಂದೆ. ಪುಣ್ಯಾತ್ಮರು ಹಲಗೆಯನ್ನು ಒತ್ತಿ ಹಿಡಿದರು, ನಿಂತಿತು. ಆವತ್ತಿನಿಂದ ಲೇಲ್ಯಾಂಡ್ ಮಾತು ಎತ್ತಿಲ್ಲ. ಈಗ ಬಂದವರಿಗೆಲ್ಲ ತಾವೇ ಇಂಜಿನ್ ಉಳಿಸಿದ ಕಥೆ ಹೇಳುತ್ತಾರೆ.

ಮೂರನೆಯ ಸಿಲಿಂಡರಿನಲ್ಲಿ ಕಂಪ್ರೆಷನ್ ಒತ್ತಡ ಮೊದಲು ಇನ್ನೂರು ಪಿಎಸ್‌ಐ ಹತ್ತಿರ ಇತ್ತು, ಓಡಿ ಓಡಿ ಈಗ ಮುನ್ನೂರಕ್ಕೆ ಬಂದಿದೆ. ಉಳಿದವು ಮುನ್ನೂರೈವತ್ತರ ಆಸುಪಾಸು. ಸ್ವಲ್ಪ ಎಣ್ಣೆ ತಿನ್ನುತ್ತದೆ, ತಿನ್ನಲಿ. ಹೊಂಗೆ ಎಣ್ಣೆಯನ್ನೂ ಐದಕ್ಕೆ ಒಂದರಂತೆ ಡೀಸೆಲ್ಲಿಗೆ ಬೆರೆಸಿ ನೋಡಿದೆ. ಮಧ್ಯಾಹ್ನ ಚೆನ್ನಾಗಿಯೇ ಓಡಿತು. ಚಳಿಗಾಲದ ಬೆಳಗ್ಗೆ ಫಿಲ್ಟರ್ ಕಟ್ಟಿಕೊಂಡು ಹತ್ತಲೇ ಇಲ್ಲ. ಅಲ್ಲಿಗೆ ಬಿಟ್ಟೆ.

ಬಣ್ಣದ ವಿಷಯ ಬಹಳ ಜನ ಕೇಳುತ್ತಾರೆ. ಮಿಲಿಟರಿ ಹಸಿರು ಬಳಿಯುವ ಹಾಗಿಲ್ಲ. ಮೋಟಾರು ವಾಹನ ನಿಯಮದಲ್ಲಿ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ನಾನು ಬೂದು ಬಳಿಸಿದೆ. ಮನೆಯಲ್ಲಿ "ಎಮ್ಮೆ" ಅಂತಲೇ ಹೆಸರು.

ಗಾಡಿ, ಟೈರು, ಬ್ಯಾಟರಿ, ಗದ್ದದ ಹೊಲಿಗೆ ಎಲ್ಲ ಸೇರಿ ನಾಲ್ಕೂಮುಕ್ಕಾಲು ಲಕ್ಷ ಆಗಿರಬೇಕು. ಮನೆಯಲ್ಲಿ ಹೇಳಿದ ಲೆಕ್ಕ ಮೂರೂವರೆ. ಸದ್ಯ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುತ್ತಿದೆ. ಇಳಿಜಾರಿನಲ್ಲಿ ಮೂರನೆಯ ಗೇರ್ ಹಾರುತ್ತದೆ. ಒಂದು ಕೈಯಲ್ಲಿ ಗೇರ್ ಕಡ್ಡಿ ಹಿಡಿದುಕೊಂಡೇ ಇಳಿಸುತ್ತಿದ್ದೇನೆ. ಮಳೆ ಮುಗಿದ ಮೇಲೆ ಗೇರ್ ಬಾಕ್ಸ್ ಕೆಳಗಿಳಿಸಬೇಕು.