‘ಹೂಂ ರೀ’ಗೆ ರೇಡಿಯೊದಲ್ಲಿ ಮೂರು ಪದ

ಪೈಲಟ್ ಆಗಬೇಕೆಂದು ಹೊರಟ ನಮ್ಮ ಕಡೆಯ ಮಕ್ಕಳು ಮೊದಲು ಅಂಜುವುದು ಇಂಗ್ಲಿಷಿಗೆ. ಆದರೆ ಕಾಕ್‌ಪಿಟ್‌ನಲ್ಲಿ ಬಳಸುವ ಇಂಗ್ಲಿಷ್ ಬಹಳ ಸಣ್ಣದು, ತಿಂಗಳೊಪ್ಪತ್ತಿನಲ್ಲಿ ಬಾಯಿಗೆ ಕೂರುತ್ತದೆ. ತೊಡಕು ಇರುವುದು ನಮ್ಮ ‘ಹೂಂ ರೀ’ಯಲ್ಲಿ. ಕೇಳಿಸಿತು, ಹೌದು, ಹಾಗೇ ಮಾಡ್ತೀನಿ: ಮೂರಕ್ಕೂ ನಾವು ಅದನ್ನೇ ಅನ್ನುತ್ತೇವೆ. ರೇಡಿಯೊದಲ್ಲಿ ಮೂರೂ ಬೇರೆ.

ಹೇಳಿದ್ದು ಪೂರ್ತಿ ಕೇಳಿಸಿತು ಎಂದಷ್ಟೇ ತಿಳಿಸಲು ‘ರೋಜರ್’. ಪ್ರಶ್ನೆಗೆ ಹೌದು ಎನ್ನಲು ‘ಅಫರ್ಮ್’, ಇಲ್ಲ ಎನ್ನಲು ‘ನೆಗೆಟಿವ್’. ಸೂಚನೆ ತಿಳಿಯಿತು, ಪಾಲಿಸುತ್ತೇನೆ ಎನ್ನಲು ‘ವಿಲ್ಕೊ’. ಕೇಳಿಸದಿದ್ದರೆ ‘ಸೇ ಅಗೇನ್’ ಎನ್ನಿ; ಅಂದಾಜಿನ ಮೇಲೆ ಮುಂದುವರಿಯಬೇಡಿ.

ಇವಿಷ್ಟರಿಂದಲೇ ಮುಗಿಯದ ಸೂಚನೆಗಳಿವೆ. ರನ್‌ವೇ, ಎತ್ತರ, ದಿಕ್ಕು, ಗಾಳಿಯ ಒತ್ತಡದ ಅಂಕಿ, ಸ್ಕ್ವಾಕ್ ಕೋಡ್ (ರಾಡಾರ್‌ನಲ್ಲಿ ವಿಮಾನವನ್ನು ಗುರುತಿಸುವ ನಾಲ್ಕಂಕಿಯ ಸಂಖ್ಯೆ) ಬಂದರೆ ಅದನ್ನೇ ತಿರುಗಿ ಓದಿ ಹೇಳಬೇಕು, ಕೊನೆಗೆ ವಿಮಾನದ ಕರೆಹೆಸರು. ‘ಹೋಲ್ಡ್ ಶಾರ್ಟ್ ರನ್‌ವೇ ಟೂ ಸಿಕ್ಸ್’ ಎಂದರೆ 26 ಎಂಬ ರನ್‌ವೇಯ ಗೆರೆ ದಾಟದೆ ಹೊರಗೇ ನಿಲ್ಲು ಎಂದರ್ಥ. ಇದಕ್ಕೆ ಉತ್ತರ: ‘ಹೋಲ್ಡಿಂಗ್ ಶಾರ್ಟ್ ರನ್‌ವೇ ಟೂ ಸಿಕ್ಸ್, ವಿಕ್ಟರ್ ಟ್ಯಾಂಗೊ ಆಲ್ಫಾ ಬ್ರಾವೊ ಚಾರ್ಲಿ’. ಕೊನೆಯ ಐದು ಪದ ವಿಮಾನದ ಕರೆಹೆಸರು VTABC; ರೇಡಿಯೊದಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಪದ. ಬರೀ ‘ರೋಜರ್’ ಎಂದರೆ ನೀವು 26 ಎಂದು ಕೇಳಿಸಿಕೊಂಡಿರೋ 08 ಎಂದೋ ನೆಲದಿಂದ ಸೂಚನೆ ಕೊಡುವ ಕಂಟ್ರೋಲರ್‌ಗೆ ಗೊತ್ತಾಗುವುದಿಲ್ಲ. ‘ಲೈನ್ ಅಪ್ ಅಂಡ್ ವೇಟ್’ ಎಂದರೆ ರನ್‌ವೇ ಮೇಲೆ ಬಂದು ನಿಂತುಕೋ, ಹಾರಬೇಡ.

‘ಟೇಕ್ ಆಫ್’ ಎಂಬ ಪದ ಹಾರಲು ಅನುಮತಿ ಕೊಡುವಾಗ, ಅದನ್ನು ಹಿಂಪಡೆಯುವಾಗ ಮಾತ್ರ. ಉಳಿದೆಡೆ ‘ಡಿಪಾರ್ಚರ್’. ಈ ಕಟ್ಟುನಿಟ್ಟಿಗೆ ಹಿನ್ನೆಲೆಯಿದೆ: 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ‘ವಿ ಆರ್ ನೌ ಅಟ್ ಟೇಕ್ ಆಫ್’ ಎಂದ ಪೈಲಟ್‌ಗೆ ಕಂಟ್ರೋಲ್ ಟವರ್‌ನಿಂದ ಬಂದ ಮೊದಲ ಮಾತು ‘ಓಕೆ’. ಮಂಜಿನಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿನ ‘ಓಕೆ’ ನಮ್ಮ ‘ಹೂಂ ರೀ’ಯಂಥದ್ದೇ: ಕೇಳಿಸಿತು ಎಂದೋ ಹಾರು ಎಂದೋ ತಿಳಿಯದು.

ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ರನ್‌ವೇ ಒಂದೇ, ಹೆಸರು ಎರಡು: 08 ಮತ್ತು 26. ದಿಕ್ಸೂಚಿಯ 080 ಮತ್ತು 260 ಡಿಗ್ರಿಯ ಕೊನೆಯ ಸೊನ್ನೆ ಬಿಟ್ಟರೆ ಈ ಸಂಖ್ಯೆಗಳು ಬರುತ್ತವೆ. ಗಾಳಿಯನ್ನು ಅದು ಬೀಸಿ ಬರುವ ದಿಕ್ಕಿನಿಂದ ಹೇಳುತ್ತಾರೆ. ಮಳೆಗಾಲದಲ್ಲಿ ‘ಟೂ ಸೆವೆನ್ ಝೀರೊ ಡಿಗ್ರೀಸ್’ ಎಂದರೆ ಪಡುವಣ ಗಾಳಿ. ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ 26 ಸಿಗುತ್ತದೆ.

‘ಕ್ಯೂಎನ್‌ಎಚ್’ ಎಂದರೆ ಸಮುದ್ರಮಟ್ಟಕ್ಕೆ ಇಳಿಸಿದ ಗಾಳಿಯ ಒತ್ತಡ, ಹೆಕ್ಟೊಪಾಸ್ಕಲ್‌ನಲ್ಲಿ. ಎತ್ತರ ತೋರಿಸುವ ಆಲ್ಟಿಮೀಟರ್‌ನಲ್ಲಿ ಅದನ್ನು ತಿರುಗಿಸಿ ಇಟ್ಟರೆ ನೆಲದ ಮೇಲಿರುವಾಗಲೇ ಮುಳ್ಳು ಸಾಂಬ್ರಾದ ಎತ್ತರವನ್ನು, ಅಂದರೆ ಸುಮಾರು 2,500 ಅಡಿ, ತೋರಿಸಬೇಕು. 1003 ಇಡುವಲ್ಲಿ 1013 ಇಟ್ಟರೆ ಮೀಟರ್ ಹೆಚ್ಚುಕಡಿಮೆ 300 ಅಡಿ ಜಾಸ್ತಿ ತೋರಿಸುತ್ತದೆ. ನೀವು ಅಷ್ಟು ಕೆಳಗೆ ಹಾರುತ್ತಿರುತ್ತೀರಿ.

ಅಂಕಿಗಳಲ್ಲಿ 3 ‘ಟ್ರೀ’, 4 ‘ಫೋವರ್’, 5 ‘ಫೈಫ್’, 9 ‘ನೈನರ್’. ಗರಗರ ಸದ್ದಿನಲ್ಲಿ ಫೈವ್, ನೈನ್ ಒಂದೇ ಥರ ಕೇಳುತ್ತವೆ. ‘ಫೈವು’, ‘ನೈನು’ ಎಂದು ಕೊನೆಗೆ ಉಕಾರ ಎಳೆಯುವ ನಮ್ಮ ರೂಢಿ ಅದನ್ನು ಇನ್ನೂ ಕೆಡಿಸುತ್ತದೆ.

ರೇಡಿಯೊದ ಗುಂಡಿ ಒತ್ತುವ ಮೊದಲು ಕೇಳಿ, ಬೇರೆಯವರ ಮಾತು ಮುಗಿಯಲಿ. ಒತ್ತಿ ಅರೆಗಳಿಗೆ ತಡೆದು ಮಾತಾಡಿ, ಇಲ್ಲದಿದ್ದರೆ ಮೊದಲ ಅಕ್ಷರವೇ ಹೋಗುತ್ತದೆ. ನಿಮಿಷಕ್ಕೆ 100 ಪದ ಮೀರಬೇಡಿ. ಮುಗಿದ ಕೂಡಲೇ ಬೆರಳು ತೆಗೆಯಿರಿ; ಗುಂಡಿ ಸಿಕ್ಕಿಕೊಂಡರೆ ಆ ತರಂಗದಲ್ಲಿ ಯಾರೂ ಮಾತಾಡಲಾಗದು.

ಪ್ರಾಣಾಪಾಯವಾದರೆ ‘ಮೇಡೇ’ ಮೂರು ಸಲ, ಸ್ಕ್ವಾಕ್ 7700. ತುರ್ತು ಇದ್ದು ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ ‘ಪ್ಯಾನ್ ಪ್ಯಾನ್’, ಅದೂ ಮೂರು ಸಲ. ರೇಡಿಯೊ ಕೆಟ್ಟರೆ 7600.

ಅಭ್ಯಾಸಕ್ಕೆ ಬೆಳಗಾವಿಯ ಚನ್ನಮ್ಮ ಸರ್ಕಲ್‌ನಲ್ಲಿ ಹತ್ತು ನಿಮಿಷ ನಿಂತು ಗಾಡಿಗಳ ನಂಬರು ಗಟ್ಟಿಯಾಗಿ ಓದಿ: ಕೆಎ 22 ಕಂಡರೆ ‘ಕಿಲೊ ಆಲ್ಫಾ ಟೂ ಟೂ’, ವಿಜಯಪುರದ 28 ಬಂದರೆ ‘ಟೂ ಏಟ್’, ಬಾಗಲಕೋಟೆಯದಾದರೆ ‘ಟೂ ನೈನರ್’. ಮುಂದಿನ ಗಾಡಿ ದಾಟುವಷ್ಟರಲ್ಲಿ ತಡವರಿಸದೆ ಮುಗಿಯಬೇಕು.